ಎಡೆದೊರೆ ನಾಡಿನ ಮಕ್ಕಳಿಗೆ ಇಂಗ್ಲಿಷ್ ಪಾಠ: ಒಂದು ಐತಿಹಾಸಿಕ ಅವಲೋಕನ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ನಮ್ಮ ಪೂರ್ವಿಕರು ಎಡೆದೊರೆ ನಾಡೆಂದು ಕರೆದರು. ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ಈ ನಾಡಿನಲ್ಲಿ ಒಂದೇ ಹಾದಿಯ ಮೇಲೆ ಸಾಲಾಗಿ ನಿಂತಿರುವ ಮೂರು ಊರುಗಳು. ಇಲ್ಲಿಯ ಕೋಟೆ ಕೊತ್ತಲಗಳನ್ನೂ ಕದನಗಳನ್ನೂ ಕುರಿತು ಬರೆದವರು ಅನೇಕರಿದ್ದಾರೆ. ಆದರೆ ಇಲ್ಲಿಯ ಮಗು ಯಾವ ಭಾಷೆಯಲ್ಲಿ ಅಕ್ಷರ ಕಲಿಯಿತು, ಪರಭಾಷೆಯನ್ನು ಹೇಗೆ ಎದುರಿಸಿತು ಎಂಬುದರ ಕಥೆಯನ್ನು ಹೇಳಿದವರು ವಿರಳ. ಶಾಲೆಯ ಬಾಗಿಲಲ್ಲಿ ನಿಂತ ಪ್ರತಿಯೊಬ್ಬ ತಾಯಿತಂದೆಯ ಮನಸ್ಸಿನಲ್ಲಿಯೂ ಇಂದು ಇಂಗ್ಲಿಷಿನ ಚಿಂತೆ ಇರುವುದರಿಂದ, ಈ ಸ್ಮರಣ ಸಂಚಿಕೆಯಲ್ಲಿ ಆ ಕಥೆಯನ್ನು ಸಂಕ್ಷೇಪವಾಗಿ ನಿರೂಪಿಸಲು ನಾವು ಇಚ್ಛಿಸುತ್ತೇವೆ.

ಬಂಡೆಯ ಮೇಲಿನ ಪರಭಾಷೆ

ಪರಭಾಷೆಯೊಡನೆ ನಮ್ಮ ನಾಡಿನ ನಂಟು ನಿನ್ನೆ ಮೊನ್ನೆಯದಲ್ಲ. 1915ರಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರು ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದರು. ಅದುವರೆಗೆ ದೊರೆತ ಧರ್ಮಶಾಸನಗಳಲ್ಲಿ ದೊರೆಯ ಬಿರುದುಗಳು ಮಾತ್ರ ಇದ್ದವು. ‘ಅಶೋಕ’ ಎಂಬ ಹೆಸರೇ ಕಂಡದ್ದು ಮಸ್ಕಿಯ ಬಂಡೆಯಲ್ಲಿ. ಅದರ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಆ ಕಾಲದಲ್ಲಿ ಇಲ್ಲಿಯ ಒಕ್ಕಲಿನವರ ಮನೆಮಾತು ಪ್ರಾಕೃತವಾಗಿತ್ತೆಂದು ಹೇಳಲಾಗದು. ಬಂಡೆಯ ಮಾತನ್ನು ಓದಿ ತಿಳಿಹೇಳುವವರು ಬೇಕಾಗಿದ್ದರೆಂಬುದು ಸ್ಪಷ್ಟ. ಕಳಿಂಗದ ಶಾಸನಗಳಲ್ಲಿ ಅಶೋಕನು ನಿಯತ ದಿನಗಳಂದು ಅವನ್ನು ಜನರಿಗೆ ಓದಿ ಕೇಳಿಸಬೇಕೆಂದು ಆಜ್ಞಾಪಿಸಿರುವುದೂ ಇಲ್ಲಿ ಸ್ಮರಣೀಯ. ಧರ್ಮದಲ್ಲಿ ನಿರತನಾದ ಸಾಮಾನ್ಯನೂ ಉನ್ನತವಾದುದನ್ನು ಪಡೆಯಬಲ್ಲನು, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ಭಾವಿಸಬಾರದು ಎಂಬುದು ಮಸ್ಕಿ ಶಾಸನದ ತಾತ್ಪರ್ಯ. ವಿದ್ಯೆಯ ವಿಷಯದಲ್ಲಿಯೂ ಈ ಮಾತನ್ನು ನಾವು ನೆನಪಿನಲ್ಲಿಡಬೇಕಾಗಿದೆ.

ದಂಡಿನ ಇಂಗ್ಲಿಷು, ಕಚೇರಿಯ ಉರ್ದು

ಇಂಗ್ಲಿಷ್ ಭಾಷೆ ಈ ಸೀಮೆಗೆ ಬಂದದ್ದು ಪುಸ್ತಕದ ಮೂಲಕವಲ್ಲ, ದಂಡಿನ ಮೂಲಕ. ನಿಜಾಮರ ರಾಜ್ಯದಲ್ಲಿದ್ದ ಲಿಂಗಸುಗೂರಿನಲ್ಲಿ ಹೈದರಾಬಾದ್ ಕಾಂಟಿಂಜೆಂಟ್ ಸೈನ್ಯದ ಶಿಬಿರವಿದ್ದಿತು. 1853ರ ಒಪ್ಪಂದದಂತೆ ರಾಯಚೂರು ದೋಆಬ್ ಬ್ರಿಟಿಷರ ಆಡಳಿತಕ್ಕೆ ಒಳಪಟ್ಟು, 1860ರಲ್ಲಿ ಮತ್ತೆ ನಿಜಾಮರಿಗೆ ಸೇರಿತು. ಮುಂದೆ ಲಿಂಗಸುಗೂರು ಒಂದು ಜಿಲ್ಲೆಯಾಗಿಯೇ ಇದ್ದು, 1905ರಲ್ಲಿ ಆ ಸ್ಥಾನವನ್ನು ಕಳೆದುಕೊಂಡಿತು. ಈ ಎಲ್ಲ ಕಾಲದಲ್ಲಿಯೂ ಇಂಗ್ಲಿಷು ಅಧಿಕಾರಿಗಳ ಮಾತಾಗಿತ್ತೇ ಹೊರತು ಹಳ್ಳಿಯ ಮಗುವಿನ ಪಾಠವಾಗಿರಲಿಲ್ಲ.

ಕಚೇರಿಗಳಲ್ಲಿ ಪಾರಸಿ ಭಾಷೆಯ ಸ್ಥಾನಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಉರ್ದು ಬಂದಿತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಭಾರತೀಯ ಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮವನ್ನಾಗಿ ಮಾಡಿದ ದಿಟ್ಟ ಪ್ರಯೋಗವಾಗಿತ್ತು. ಇಂಗ್ಲಿಷನ್ನು ಅಲ್ಲಿ ಕಡ್ಡಾಯ ವಿಷಯವಾಗಿ ಇರಿಸಲಾಗಿತ್ತು. ಆದರೆ ಎಡೆದೊರೆಯ ಕನ್ನಡ ಮಗುವಿಗೆ ಅದರಿಂದ ಎರಡು ಹೊರೆಗಳಾದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಮುಂದೆ ಓದಬೇಕೆಂದರೆ ಇಂಗ್ಲಿಷು. ಮನೆಯ ಮಾತಿಗೆ ಶಾಲೆಯಲ್ಲಿ ನೆಲೆಯಿಲ್ಲದಾಗ ಎಷ್ಟೋ ಮಕ್ಕಳು ಶಾಲೆಯ ಹೊಸ್ತಿಲನ್ನೇ ದಾಟಲಿಲ್ಲ. ಈ ಭಾಗದ ಶಿಕ್ಷಣ ಹಿಂದುಳಿದುದಕ್ಕೆ ಇದೂ ಒಂದು ಕಾರಣವೆಂಬುದನ್ನು ಅಲ್ಲಗಳೆಯುವಂತಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಕನ್ನಡ ಶಾಲೆಗಳು ಬೆಳೆದವು. ಇಂಗ್ಲಿಷು ಮೇಲಿನ ತರಗತಿಗಳಲ್ಲಿ ಒಂದು ವಿಷಯವಾಗಿ ನಿಂತಿತು. ಆದರೆ ಆ ವಿಷಯವನ್ನು ಕಲಿಸುವ ಬಗೆ ಹೇಗೆ?

ಕಂಠಪಾಠದಿಂದ ಅರ್ಥದ ಕಡೆಗೆ

ಬಹುಕಾಲ ಇದ್ದ ಬಗೆ ಒಂದೇ. ಗುರುಗಳು ಒಂದು ವಾಕ್ಯವನ್ನು ಓದುವುದು, ಅದರ ಅರ್ಥವನ್ನು ಕನ್ನಡದಲ್ಲಿ ಹೇಳುವುದು, ಮಕ್ಕಳು ಪ್ರಶ್ನೋತ್ತರಗಳನ್ನು ಬರೆದುಕೊಂಡು ಬಾಯಿಪಾಠ ಮಾಡುವುದು. ಈ ಪದ್ಧತಿಯಲ್ಲಿ ಪರೀಕ್ಷೆ ದಾಟಬಹುದು. ಭಾಷೆ ಬರುವುದು ಕಷ್ಟ. ನಮ್ಮ ವಾಚಕರಿಗೆ ಇದನ್ನು ತಿಳಿಯಲು ದೂರದ ಉದಾಹರಣೆ ಬೇಕಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನಾ ವಿಧಿಯಲ್ಲಿ ಜನಭಾಷೆಗೆ ಎಡೆಗೊಡುವ ಮುನ್ನ, ನಮ್ಮ ಹಿರಿಯರು ಬಲಿಪೂಜೆಯ ಲತೀನ್ ಪ್ರತ್ಯುತ್ತರಗಳನ್ನು ಭಕ್ತಿಯಿಂದ, ಅಕ್ಷರ ತಪ್ಪದೆ ಹೇಳುತ್ತಿದ್ದರು. ಅವರ ಭಕ್ತಿ ಪೂರ್ಣವಾಗಿತ್ತು. ಆದರೂ ಆ ಅಭ್ಯಾಸದಿಂದ ಅವರಿಗೆ ಲತೀನ್ ಮಾತನಾಡಲು ಬರಲಿಲ್ಲ. ಅರ್ಥದ ಬೆಂಬಲವಿಲ್ಲದ ಪುನರುಚ್ಚಾರವು ನಾಲಗೆಯನ್ನು ಪಳಗಿಸಬಹುದು, ಬುದ್ಧಿಯನ್ನು ಪಳಗಿಸದು.

ಸ್ವಾತಂತ್ರ್ಯಾನಂತರ ಈ ದೋಷದ ಪರಿಹಾರಕ್ಕೆ ಗಂಭೀರ ಯತ್ನಗಳು ನಡೆದವು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೂ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಸ್ಥಾಪಿತವಾದವು. ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಕ್ರಮವಾಗಿ ಜೋಡಿಸಿ, ವಸ್ತುಗಳನ್ನೂ ಚಿತ್ರಗಳನ್ನೂ ತೋರಿಸಿ, ಮೊದಲು ಕೇಳಿಸಿ, ಬಳಿಕ ಆಡಿಸಿ, ಅನಂತರ ಓದಿಸುವ ರಚನಾ ಪದ್ಧತಿಯು ಶಾಲೆಗಳಲ್ಲಿ ಬಳಕೆಗೆ ಬಂದಿತು.

1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಗಳ ಕೆಲವು ಶಾಲೆಗಳಲ್ಲಿ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ನಡೆದ ಪ್ರಯೋಗವು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಬೆಂಗಳೂರು ಯೋಜನೆಯೆಂದು ಲೋಕದ ಭಾಷಾಶಿಕ್ಷಕರೆಲ್ಲ ಬಲ್ಲ ಈ ಪ್ರಯೋಗದ ತತ್ವವು ಸರಳವಾದುದು: ಮಗುವಿನ ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ಭಾಷೆ ಚೆನ್ನಾಗಿ ಒಳಸೇರುತ್ತದೆ. ಆದುದರಿಂದ ವ್ಯಾಕರಣಸೂತ್ರದ ಬದಲು ಮಕ್ಕಳಿಗೆ ಬಿಡಿಸಬೇಕಾದ ಕೆಲಸಗಳನ್ನು ಕೊಟ್ಟರು. ನಕಾಶೆಯಲ್ಲಿ ದಾರಿ ಹುಡುಕುವುದು, ವೇಳಾಪಟ್ಟಿಯಿಂದ ಉತ್ತರ ತೆಗೆಯುವುದು ಇತ್ಯಾದಿ. ಮೊದಲು ಶಿಕ್ಷಕರು ಇಡೀ ತರಗತಿಯೊಡನೆ ಅಂಥದೇ ಒಂದು ಸಮಸ್ಯೆಯನ್ನು ಇಂಗ್ಲಿಷಿನಲ್ಲಿ ಮಾತನಾಡುತ್ತ ಬಿಡಿಸುವರು. ಬಳಿಕ ಪ್ರತಿ ಮಗುವೂ ತಾನೇ ಇನ್ನೊಂದನ್ನು ಬಿಡಿಸುವುದು. ಪ್ರಭು ಅವರು 1987ರಲ್ಲಿ ಈ ಅನುಭವವನ್ನು ಗ್ರಂಥರೂಪಕ್ಕೆ ತಂದರು. ಶಿಕ್ಷಕರಿಗೇ ಇಂಗ್ಲಿಷ್ ಮಾತು ಸಲೀಸಾಗಿ ಬರದ ಕಡೆ ಇದು ನಡೆಯುವುದು ಕಷ್ಟವೆಂಬ ಆಕ್ಷೇಪವೂ ಬಂದಿತು. ಅದು ಯೋಗ್ಯ ಆಕ್ಷೇಪವೇ. ಆದರೂ ಸಿಂಧನೂರಿನಿಂದ 8 ಗಂಟೆಗೆ ಹೊರಟ ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಂತು ಲಿಂಗಸುಗೂರನ್ನು ಎಷ್ಟು ಹೊತ್ತಿಗೆ ಮುಟ್ಟುವುದೆಂಬ ಲೆಕ್ಕವನ್ನು ಇಂಗ್ಲಿಷಿನಲ್ಲಿ ಮಾಡಿಸಲು ನಮ್ಮ ಶಿಕ್ಷಕರಿಗೆ ದೊಡ್ಡ ಪಾಂಡಿತ್ಯವೇನೂ ಬೇಕಾಗದು.

ನಮ್ಮ ಮಗುವಿನ ಬಾಯಿಯಲ್ಲಿರುವ ಬಂಡವಾಳ

ಒಳ್ಳೆಯ ಶಿಕ್ಷಕನು ಮಗುವಿಗೆ ಬಂದಿರುವುದರಿಂದ ಆರಂಭಿಸುತ್ತಾನೆ. ಬಸ್ಸು, ಟಿಕೀಟು, ಪೆನ್ನು, ಪಂಪುಸೆಟ್ಟು, ಟ್ರ್ಯಾಕ್ಟರು ಇವೆಲ್ಲ ಅಕ್ಷರ ಬಾರದ ಮನೆಯಲ್ಲಿಯೂ ಬಳಕೆಯಲ್ಲಿವೆ. ಕನ್ನಡದ ಮಾತು ಸ್ವರದಲ್ಲಿ ಮುಗಿಯುವುದರಿಂದ ನಾವು ಈ ಶಬ್ದಗಳಿಗೆ ಒಂದು ಉಕಾರವನ್ನು ಸೇರಿಸಿದ್ದೇವೆ. ಆ ಉಕಾರವನ್ನು ಬಿಡಿಸಿ ಹೇಳಿಸುವುದೇ ಉಚ್ಚಾರಣೆಯ ಮೊದಲ ಪಾಠವಾಗಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು, ಇಂಗ್ಲಿಷಿನಲ್ಲಿ ನಡುವೆ. ನಮ್ಮ ವಿಭಕ್ತಿ ಪದದ ಹಿಂದೆ ಅಂಟುವುದು, ಅವರದು ಪದದ ಮುಂದೆ ಪ್ರತ್ಯೇಕವಾಗಿ ನಿಲ್ಲುವುದು. ನಾವು ಬರೆದಂತೆ ಓದುವೆವು, ಅವರು ಹಾಗೆ ಓದರು. ಈ ಭೇದಗಳನ್ನು ಬಲ್ಲ ಶಿಕ್ಷಕನು ಮಗು ಎಲ್ಲಿ ಎಡವುವುದೆಂದು ಮೊದಲೇ ಅರಿತು ಕೈಹಿಡಿಯುತ್ತಾನೆ. ಕುಳಿತುಕೋ, ಬಾಗಿಲು ತೆರೆ ಎಂಬ ಆಜ್ಞೆಗಳನ್ನು ಇಂಗ್ಲಿಷಿನಲ್ಲಿ ಕೇಳಿ ಮೈಯಿಂದ ಮಾಡಿ ತೋರಿಸುವ ಆಟ, ಅಭಿನಯಗೀತೆ, ಚಿತ್ರಕಥೆಗಳು ಎಳೆಯ ಮಕ್ಕಳ ಅಂಜಿಕೆಯನ್ನು ಕಳೆಯುತ್ತವೆ.

ಸಿಂಧನೂರು ಭಾಗದಲ್ಲಿ ಇನ್ನೊಂದು ವಿಶೇಷವುಂಟು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲಸಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಇಲ್ಲಿ ಪುನರ್ವಸತಿ ದೊರೆಯಿತು. ಹೀಗೆ ಕನ್ನಡ, ತೆಲುಗು, ಉರ್ದು, ಲಂಬಾಣಿ, ಬಂಗಾಳಿ ಮನೆಮಾತಿನ ಮಕ್ಕಳು ಇಲ್ಲಿ ನೆರೆಹೊರೆಯಲ್ಲಿ ಬೆಳೆಯುತ್ತಾರೆ. ಕೆಲವರಿಗೆ ಇಂಗ್ಲಿಷು ಎರಡನೆಯ ಭಾಷೆಯಲ್ಲ, ಮೂರನೆಯದೋ ನಾಲ್ಕನೆಯದೋ ಆಗುತ್ತದೆ. ಇದನ್ನು ಹೊರೆಯೆನ್ನಬೇಕಾಗಿಲ್ಲ. ಬೀದಿಯಲ್ಲಿ ಎರಡು ಮೂರು ನುಡಿಗಳನ್ನು ಆಡಬಲ್ಲ ಮಗುವಿಗೆ ಭಾಷೆ ಕಲಿಯುವ ಶಕ್ತಿ ಇದೆಯೆಂಬುದಕ್ಕೆ ಅದೇ ಸಾಕ್ಷಿ.

ಮಾಧ್ಯಮವೇ? ವಿಷಯವೇ?

ಇಂದಿನ ತೊಡಕು ಬೇರೆ ಬಗೆಯದು. 2007-08ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲವೆಂದು 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದವು. ಕೂಲಿ ಮಾಡುವ ತಂದೆಯೂ ಇಂದು ಇಂಗ್ಲಿಷ್ ಶಾಲೆಯನ್ನೇ ಬಯಸಿದರೆ ಅವನನ್ನು ಹಳಿಯುವುದು ನ್ಯಾಯವಲ್ಲ. ಪಾರಸಿ, ಉರ್ದು, ಇಂಗ್ಲಿಷುಗಳ ಕಾಲದಲ್ಲಿ ತನ್ನವರು ಬಾಗಿಲಾಚೆ ನಿಂತುದನ್ನು ಅವನ ಮನೆತನ ಮರೆತಿಲ್ಲ. ಆದರೆ ಕನ್ನಡವನ್ನೂ ಸರಿಯಾಗಿ ಓದಲಾರದೆ, ಇಂಗ್ಲಿಷನ್ನೂ ಅರಿಯದೆ, ಎರಡು ದಡಗಳ ನಡುವೆ ಮಗು ನಿಂತುಬಿಟ್ಟರೆ ಹಳೆಯ ಅನ್ಯಾಯವೇ ಹೊಸ ಸಮವಸ್ತ್ರ ತೊಟ್ಟು ಬಂದಂತಾಗುತ್ತದೆ.

ಇಲ್ಲಿ ಎರಡು ಹಿರಿಯ ಜೀವಗಳನ್ನು ನೆನೆಯುವುದು ಉಚಿತ. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದು 1981ರಲ್ಲಿ ವರದಿಯಿತ್ತ ಸಮಿತಿಯ ಅಧ್ಯಕ್ಷರಾದ ವಿ. ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆಗಿದ್ದವರು. 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ಗುರು ತೋಮಸ್ ಸ್ಟೀಫನ್ಸರು ಇಂಗ್ಲೆಂಡಿನವರಾಗಿದ್ದೂ ಇಲ್ಲಿಯ ಜನರ ನುಡಿಯನ್ನೇ ಕಲಿತು, ಕೊಂಕಣಿಗೆ ವ್ಯಾಕರಣ ರಚಿಸಿದರು; ಅದು 1640ರಲ್ಲಿ ಅಚ್ಚಾಯಿತು. ಕಲಿಸುವವನು ಮೊದಲು ಕಲಿಯುವವನ ಭಾಷೆಗೆ ಇಳಿದು ಬರಬೇಕೆಂಬುದನ್ನು ಅವರು ಬಾಳಿ ತೋರಿಸಿದರು. ಲಿಂಗಸುಗೂರಿಗೆ ಸಮೀಪದ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಷ್ಟು ಹಳೆಯದಾದ ಕಥೋಲಿಕ ಸಮುದಾಯವು ಕನ್ನಡದ ಮಣ್ಣಿನಲ್ಲಿ ಬೇರೂರಿ ಉಳಿದುದನ್ನೂ ನಾವು ಬಲ್ಲೆವು.

ಆದುದರಿಂದ ನಮ್ಮ ನಿಲುವನ್ನು ಹೀಗೆ ಹೇಳಬಹುದು. ಮಗುವಿಗೆ ಇಂಗ್ಲಿಷ್ ಬೇಕು. ಅದು ಎಲ್ಲರ ಮಗುವಿಗೂ ಬೇಕು, ಉತ್ತಮವಾಗಿ ಬೇಕು. ಅದಕ್ಕೆ ತಳಹದಿ ಮಗು ಅರ್ಥಮಾಡಿಕೊಳ್ಳಬಲ್ಲ ಭಾಷೆಯಲ್ಲಿ ಗಟ್ಟಿಯಾದ ಓದುಬರಹ. ಸಾಧನ ಕೇಳಿಸುವುದು, ಆಡಿಸುವುದು, ಅರ್ಥವುಳ್ಳ ಕೆಲಸ ಮಾಡಿಸುವುದು. ಬಲ ಸ್ವತಃ ಕಲಿಯುತ್ತಿರುವ ಶಿಕ್ಷಕ. ಮನೆಯವರು ಮಾಡಬಹುದಾದುದೂ ಇದೆ: ಮಗು ಆ ದಿನ ಕಲಿತ ನಾಲ್ಕು ಮಾತುಗಳನ್ನು ಕೇಳಿಸಿಕೊಳ್ಳುವುದು, ತಪ್ಪಿದರೆ ನಗದಿರುವುದು, ರಾತ್ರಿ ಕನ್ನಡದಲ್ಲಿ ಒಂದು ಕಥೆ ಹೇಳುವುದು. ಸಾಮಾನ್ಯನಿಗೂ ಉನ್ನತವಾದುದು ದೊರೆಯಬಲ್ಲದೆಂದು ಮಸ್ಕಿಯ ಬಂಡೆ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾರಿದೆ. ಅದನ್ನು ನಮ್ಮ ಶಾಲೆಗಳಲ್ಲಿ ಸತ್ಯವಾಗಿಸುವ ಹೊಣೆ ನಮ್ಮೆಲ್ಲರದು.