ಮುಚ್ಚಿದ ಕೋಣೆಯಲ್ಲಿ ಬೆಂಕಿ ತಾನಾಗಿಯೇ ಆರಿಹೋಗುತ್ತದೆಯೇ?

ಬಾಗಿಲು ಮುಚ್ಚಿದರೆ ಗಾಳಿಯಿಲ್ಲದೆ ಬೆಂಕಿ ಆರುತ್ತದೆ, ಆಮೇಲೆ ತೆರೆದು ನೋಡಿದರಾಯಿತು ಎಂಬ ಮಾತನ್ನು ನಾವು ಪರಿಶೀಲಿಸಿದೆವು. ಅರ್ಧ ಮಾತ್ರ ನಿಜ.

ಗಾಳಿಯಲ್ಲಿ ಸುಮಾರು 21% ಆಮ್ಲಜನಕವಿದೆ. ಅದು ಕಡಿಮೆಯಾದಾಗ ಜ್ವಾಲೆ ಕುಗ್ಗುತ್ತದೆ. ಆದರೆ ಕಾದ ಮರ, ಪ್ಲಾಸ್ಟಿಕ್, ಹಾಸಿಗೆಗಳು ಉರಿಯಬಲ್ಲ ಅನಿಲ ಬಿಡುತ್ತಲೇ ಇರುತ್ತವೆ. ಆಗ ಬಾಗಿಲು ತೆರೆದರೆ ಹೊಸ ಗಾಳಿ ನುಗ್ಗಿ, ತುಂಬಿಕೊಂಡ ಹೊಗೆಯೇ ಒಮ್ಮೆಲೇ ಹೊತ್ತಿಕೊಳ್ಳಬಹುದು. ಇದೇ ಬ್ಯಾಕ್‌ಡ್ರಾಫ್ಟ್.

1994ರ ಮಾರ್ಚ್ 28ರಂದು ನ್ಯೂಯಾರ್ಕ್‌ನ ವಾಟ್ಸ್ ಸ್ಟ್ರೀಟ್‌ನ ಕಟ್ಟಡವೊಂದರಲ್ಲಿ ಕೆಳಗಿನ ಮನೆಯ ಬಾಗಿಲು ಒಡೆದಾಗ ಜ್ವಾಲೆ ಮೆಟ್ಟಿಲ ದಾರಿಯಲ್ಲಿ ಮೇಲಕ್ಕೆ ನುಗ್ಗಿತು. ಅಲ್ಲಿದ್ದ ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಕನಿಷ್ಠ ಆರೂವರೆ ನಿಮಿಷ ಉರಿದ ಆ ಜ್ವಾಲೆಗೆ ಇಂಧನ ಎಲ್ಲಿಂದ ಬಂತು?

ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಸಿಎಫ್‌ಎಎಸ್‌ಟಿ ಎಂಬ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿ ನೋಡಿತು. ಇದು ಸಿನಿಮಾ ಗ್ರಾಫಿಕ್ಸ್‌ನಂತೆ ಬೆಂಕಿಯ ಚಿತ್ರ ಬಿಡಿಸುವುದಲ್ಲ. ಕೋಣೆಯನ್ನು ಮೇಲೆ ಬಿಸಿ ಹೊಗೆ, ಕೆಳಗೆ ತಂಪು ಗಾಳಿ ಎಂದು ಎರಡು ಪದರ ಮಾಡಿ ಶಾಖ, ಆಮ್ಲಜನಕ, ಅನಿಲಗಳ ಲೆಕ್ಕ ಇಡುತ್ತದೆ. ಶಾಖ ಸೋರದಂತೆ ಬಿಗಿಯಾಗಿ ಮುಚ್ಚಿದ್ದ ಆ ಮನೆಯಲ್ಲಿ ಉಸಿರುಗಟ್ಟಿದ ಬೆಂಕಿ ಉರಿಯದ ಅನಿಲವನ್ನು ಕೂಡಿಟ್ಟಿತ್ತು ಎಂಬ ವಾದಕ್ಕೆ ಲೆಕ್ಕ ತಾಳೆಯಾಯಿತು.

ಹೊರಬರುವಾಗ ಬಾಗಿಲು ಮುಚ್ಚುವುದು ಸರಿಯೇ. ಆದರೆ ಬಾಗಿಲು ಬಿಸಿಯಾಗಿದ್ದರೆ ಅಥವಾ ಸಂದಿಯಿಂದ ಹೊಗೆ ಬರುತ್ತಿದ್ದರೆ ತೆರೆಯಬೇಡಿ. ದೂರ ಸರಿದು 112 ಅಥವಾ 101ಕ್ಕೆ ಕರೆ ಮಾಡಿ.