ಲಾರಿಯ ಕಪ್ಪು ಹೊಗೆ ಹೋಯ್ತು, ಯೂರಿಯಾ ಟ್ಯಾಂಕು ಬಂತು

ಹೋದ ವಾರ ನಮ್ಮ ತೋಟದ ಕಾಯಿ ತುಂಬಿಕೊಂಡು ಹೊರಟ ಲಾರಿ ಗುಬ್ಬಿ ದಾಟಿ ತುಮಕೂರು ಮುಟ್ಟೋ ಮೊದಲೇ ಸುಸ್ತಾಯ್ತು. ಡ್ಯಾಶ್‌ಬೋರ್ಡಲ್ಲಿ ಹಳದಿ ದೀಪ, ಎಷ್ಟು ಒತ್ತಿದ್ರೂ ಪಿಕಪ್ ಇಲ್ಲ. ಡ್ರೈವರ್ ಇಳಿದು ತಲೆ ಕೆರ್ಕೊಂಡು, "ಯೂರಿಯಾ ಟ್ಯಾಂಕಿಂದು ತೊಂದರೆ ಯಜಮಾನ್ರೆ" ಅಂದ. ಬಿಡಿಸಿ ಕೇಳಿದ ಮೇಲೆ ಬಾಯಿ ಬಿಟ್ಟ. ದುಡ್ಡು ಉಳಿಯುತ್ತೆ ಅಂತ ಯಾರೋ ಹೇಳಿದ್ದಕ್ಕೆ, ನಾವು ರಾಗಿಗೆ ಹಾಕೋ ಯೂರಿಯಾನ ನೀರಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿ ಸುರಿದಿದ್ದನಂತೆ. ಕಾಯಿ ಬೇರೆ ಲಾರಿಗೆ ಹಾಕಿಸಿದ್ದಾಯ್ತು, ಹಮಾಲಿ ಎರಡು ಸಲ ಕೊಟ್ಟಿದ್ದಾಯ್ತು. ಆ ಲಾರಿಯ ರಿಪೇರಿ ಬಿಲ್ಲು ಇನ್ನೂ ಬಂದಿಲ್ಲ.

ನಮ್ಮ ಗೊಬ್ಬರ ಲಾರಿಯ ಹೊಟ್ಟೆಗೆ ಯಾಕೆ ಹೋಯ್ತು ಅನ್ನೋದಕ್ಕೆ ಮೂವತ್ತು ವರ್ಷದ ಕಥೆ ಇದೆ. ತಿಳ್ಕೊಂಡ್ರೆ ನಮಗೇ ಒಳ್ಳೇದು.

ನಾವು ಹುಡುಗರಾಗಿದ್ದಾಗ ಲಾರಿ ಅಂದ್ರೆ ಕಪ್ಪು ಹೊಗೆ. ಬೆಂಗಳೂರು–ತುಮಕೂರು–ಶಿರಾ ರಸ್ತೆಯಲ್ಲಿ ಸೈಕಲ್ ತುಳಿದು ಮನೆಗೆ ಬಂದ್ರೆ ಬಿಳಿ ಅಂಗಿ ಬೂದು ಬಣ್ಣ. ಆಗಿನ ಎಂಜಿನ್ನು ಸರಳ. ಪಂಪು, ನಾಝಲ್, ಏರ್ ಫಿಲ್ಟರ್, ಅಷ್ಟೇ. ಮೆಕ್ಯಾನಿಕ್ ಶಬ್ದ ಕೇಳಿ, ಹೊಗೆಯ ಬಣ್ಣ ನೋಡಿ ಕಾಯಿಲೆ ಹೇಳ್ತಿದ್ದ. ಕಪ್ಪು ಬಂದ್ರೆ ಡೀಸೆಲ್ ಜಾಸ್ತಿ ಇಲ್ಲ ಗಾಳಿ ಕಮ್ಮಿ, ನೀಲಿ ಬಂದ್ರೆ ಆಯಿಲ್ ಉರೀತಿದೆ. ಸ್ಪ್ಯಾನರ್ ಸೆಟ್ಟು ಇದ್ರೆ ರಸ್ತೆ ಬದಿಯಲ್ಲೇ ಎಲ್ಲ ಕೆಲಸ ಆಗ್ತಿತ್ತು.

ದೆಹಲಿಯ ಹೊಗೆ ವಿಚಾರವಾಗಿ ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ್ರು. ಡೀಸೆಲ್ ಗಾಡಿಗಳ ಹೊಗೆಗೆ ದೇಶದಲ್ಲಿ ಮೊದಲ ಮಿತಿ ಬಂದಿದ್ದು 1992ರಲ್ಲಿ. 2000ದಲ್ಲಿ ಯೂರೋಪಿನ ಮಾದರಿಯ ನಿಯಮ ಇಡೀ ದೇಶಕ್ಕೆ ಬಂತು. ಆಮೇಲೆ ಭಾರತ್ ಸ್ಟೇಜ್ ಅನ್ನೋ ಮೆಟ್ಟಿಲು: ದೇಶಕ್ಕೆಲ್ಲ ಬಿಎಸ್-2 ಆಗಿದ್ದು 2005ರಲ್ಲಿ, ಬಿಎಸ್-3 ಆಗಿದ್ದು 2010ರಲ್ಲಿ. ಬೆಂಗಳೂರಂಥ ದೊಡ್ಡ ಊರುಗಳು ಯಾವಾಗಲೂ ಒಂದು ಮೆಟ್ಟಿಲು ಮುಂದೆ. ಅಲ್ಲಿ 2010ಕ್ಕೇ ಬಿಎಸ್-4 ಬಂದಿತ್ತು, ಇಡೀ ದೇಶಕ್ಕೆ ಅದು ಬಂದಿದ್ದು 2017ರಲ್ಲಿ. ಆದ್ರೆ ಊರೂರು ಸುತ್ತೋ ನ್ಯಾಷನಲ್ ಪರ್ಮಿಟ್ ಲಾರಿಗೆ ಎಲ್ಲ ಕಡೆ ಒಂದೇ ಥರದ ಡೀಸೆಲ್ ಬೇಕಲ್ಲ, ಅದಕ್ಕೇ ಲಾರಿ ಹಿಂದೆ ಉಳೀತು.

ಇಲ್ಲಿ ಒಂದು ಗುಟ್ಟಿದೆ. ಹೊಗೆ ಕಮ್ಮಿ ಮಾಡೋ ಕೆಲಸ ಲಾರಿಯಲ್ಲಿ ಶುರುವಾಗಲಿಲ್ಲ, ಡೀಸೆಲ್ಲಿನಲ್ಲಿ ಶುರುವಾಯ್ತು. ಡೀಸೆಲ್ಲಲ್ಲಿ ಗಂಧಕ ಇರುತ್ತೆ. ಹೊಗೆ ಶುದ್ಧ ಮಾಡೋ ಭಾಗಗಳಿಗೆ ಅದು ವಿಷ. 1990ರ ದಶಕದ ಶುರುವಲ್ಲಿ ಹತ್ತು ಲಕ್ಷ ಪಾಲಿಗೆ 10,000 ಪಾಲು ಗಂಧಕ ಇರಬಹುದಿತ್ತು. ಬಿಎಸ್-3ಕ್ಕೆ ಅದು 350, ಬಿಎಸ್-4ಕ್ಕೆ 50, ಬಿಎಸ್-6ಕ್ಕೆ ಬರೀ 10. ಮಣ್ಣು ಸರಿಯಿಲ್ಲದೆ ಒಳ್ಳೆ ಬೀಜ ಹಾಕಿ ಏನು ಪ್ರಯೋಜನ? ಹಾಗೇ ಇದು.

2017ರ ಮಾರ್ಚ್ 29 ನಿಮಗೂ ನೆನಪಿರಬಹುದು. ಏಪ್ರಿಲ್ 1ರಿಂದ ಬಿಎಸ್-3 ಗಾಡಿ ಮಾರಂಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿಬಿಡ್ತು. ದೇಶದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಗಾಡಿ ಮಾರಾಟ ಆಗದೆ ನಿಂತಿದ್ವು. ಎರಡು ದಿನ ಶೋರೂಮುಗಳ ಮುಂದೆ ಜಾತ್ರೆ. ಬಿಎಸ್-4 ಲಾರಿಗಳಲ್ಲಿ ಎರಡು ದಾರಿ ಇತ್ತು. ಒಂದರಲ್ಲಿ, ಉರಿದ ಹೊಗೆಯನ್ನೇ ಸ್ವಲ್ಪ ತಿರುಗಿಸಿ ಎಂಜಿನ್ನಿಗೆ ಕೊಡೋದು, ಅದನ್ನ ಇಜಿಆರ್ ಅಂತಾರೆ. ಇನ್ನೊಂದರಲ್ಲಿ, ಹೊರಗೆ ಹೋಗೋ ಹೊಗೆಗೆ ಯೂರಿಯಾ ದ್ರಾವಣ ಸಿಂಪಡಿಸೋದು, ಅದು ಎಸ್‌ಸಿಆರ್. ಅಶೋಕ್ ಲೇಲ್ಯಾಂಡ್ ಆಗ ಮೊದಲ ದಾರಿ ಹಿಡೀತು, ಟಾಟಾದ ದೊಡ್ಡ ಲಾರಿಗಳಿಗೆ ಯೂರಿಯಾ ಟ್ಯಾಂಕು ಬಂತು. ಸರ್ಕಾರ ಬಿಎಸ್-5 ಅನ್ನೇ ಹಾರಿಸಿ 2020ರ ಏಪ್ರಿಲ್ 1ಕ್ಕೆ ಬಿಎಸ್-6 ತಂದ ಮೇಲೆ ದೊಡ್ಡ ಲಾರಿಗೆ ಯೂರಿಯಾ ಟ್ಯಾಂಕು ತಪ್ಪಲಿಲ್ಲ.

ಯಾಕಪ್ಪ ಯೂರಿಯಾ? ಗುಡುಗು ಮಿಂಚಿನ ಮಳೆ ಆದ ಮೇಲೆ ಪೈರು ಹಸಿರಾಗುತ್ತೆ ಅಂತೀವಲ್ಲ, ಮಿಂಚಿನ ಶಾಖಕ್ಕೆ ಗಾಳಿಯ ಸಾರಜನಕ ಆಮ್ಲಜನಕದ ಜೊತೆ ಸೇರುತ್ತೆ. ಎಂಜಿನ್ನಿನ ಶಾಖದಲ್ಲೂ ಅದೇ ಆಗೋದು. ಆದ್ರೆ ಆ ಗಾಳಿಯನ್ನ ಪೇಟೆ ಮಂದಿ ಉಸಿರಾಡಬೇಕಲ್ಲ, ಶ್ವಾಸಕೋಶಕ್ಕೆ ಕೇಡು. ಯೂರಿಯಾ ಬಿಸಿಗೆ ಅಮೋನಿಯಾ ಆಗಿ, ಈ ವಿಷವನ್ನ ಮತ್ತೆ ಬರೀ ಸಾರಜನಕ, ನೀರಾವಿ ಮಾಡಿ ಬಿಡುತ್ತೆ. ದ್ರಾವಣದಲ್ಲಿ ಯೂರಿಯಾ ನೂರಕ್ಕೆ 32.5 ಪಾಲು, ಉಳಿದಿದ್ದು ಲವಣ ತೆಗೆದ ಶುದ್ಧ ನೀರು. ಡಿಇಎಫ್, ಆ್ಯಡ್‌ಬ್ಲೂ ಅಂತ ಬಕೆಟ್ಟಲ್ಲಿ ಮಾರೋದು ಇದೇ.

ನಮ್ಮ ಚೀಲದ ಯೂರಿಯಾ ಇದಕ್ಕೆ ಆಗಲ್ಲ. 2015ರಿಂದ ದೇಶದ ಯೂರಿಯಾಗೆಲ್ಲ ಬೇವಿನೆಣ್ಣೆ ಲೇಪ ಕಡ್ಡಾಯ. ಗೊಬ್ಬರ ನಿಧಾನವಾಗಿ ಕರಗಲಿ ಅನ್ನೋದು ಒಂದು ಕಾರಣ, ಸಬ್ಸಿಡಿ ಮಾಲು ಕಾರ್ಖಾನೆಗೆ ಹೋಗದಿರಲಿ ಅನ್ನೋದು ಇನ್ನೊಂದು. ಆ ಎಣ್ಣೆ, ಜೊತೆಗೆ ಬೈಯೂರೆಟ್, ಬೋರ್‌ವೆಲ್ ನೀರಿನ ಸುಣ್ಣ ಎಲ್ಲ ಸೇರಿ ಸಿಂಪಡಿಸೋ ನಾಝಲ್ಲನ್ನ ಕಟ್ಟಿಸುತ್ತೆ, ಒಳಗಿನ ಕ್ಯಾಟಲಿಸ್ಟನ್ನ ಕೆಡಿಸುತ್ತೆ. ಬಟ್ಟೆಯಲ್ಲಿ ಸೋಸಿದ್ರೆ ಕರಗಿದ್ದು ಹೋಗುತ್ತಾ?

45 ಕೆಜಿ ಚೀಲ ನಮಗೆ 266 ರೂಪಾಯಿ 50 ಪೈಸೆಗೆ ಸಿಗುತ್ತೆ, ಅದರಲ್ಲಿ ನೂರು ಲೀಟರಿಗೂ ಮೇಲೆ ದ್ರಾವಣ ಆಗುತ್ತೆ. ಆಸೆ ಹುಟ್ಟೋದು ಇಲ್ಲೇ. ಆದ್ರೆ ರಾಗಿಗೆ ಮೇಲುಗೊಬ್ಬರ ಹಾಕೋ ಟೈಮಲ್ಲಿ ಸೊಸೈಟಿ ಮುಂದೆ ಸಾಲು ನಿಲ್ಲೋರು ಯಾರು? ನಾವೇ. ಸಬ್ಸಿಡಿ ಯೂರಿಯಾನ ಬೇರೆ ಕೆಲಸಕ್ಕೆ ಮಾರೋದು ಕಾನೂನಿಗೂ ವಿರುದ್ಧ. ಗೊಬ್ಬರ, ಲಾರಿ ಎಷ್ಟು ಗಂಟು ಬಿದ್ದಿವೆ ಅಂದ್ರೆ, 2021ರ ಅಕ್ಟೋಬರಲ್ಲಿ ಚೀನಾ ಯೂರಿಯಾ ರಫ್ತಿಗೆ ತಡೆ ಹಾಕಿದಾಗ ದಕ್ಷಿಣ ಕೊರಿಯಾದಲ್ಲಿ ಲಾರಿ ನಿಲ್ಲೋ ಪರಿಸ್ಥಿತಿ ಬಂತು. ಆ ದೇಶ ಸೇನೆಯ ವಿಮಾನ ಕಳಿಸಿ ಆಸ್ಟ್ರೇಲಿಯಾದಿಂದ ದ್ರಾವಣ ತರಿಸ್ತು.

ಬಿಎಸ್-6 ಲಾರಿಯಲ್ಲಿ ಇನ್ನೊಂದು ಭಾಗ ಡಿಪಿಎಫ್. ಜರಡಿ ಥರ ಮಸಿ ಹಿಡಿಯುತ್ತೆ, ಆಮೇಲೆ ಸುಮಾರು 600 ಡಿಗ್ರಿ ಶಾಖದಲ್ಲಿ ಅದನ್ನ ಸುಟ್ಟುಹಾಕುತ್ತೆ. ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮ ಓಡಬೇಕು. ತೋಟದಿಂದ ಮಂಡಿ, ಮಂಡಿಯಿಂದ ತೋಟ, ನಡುವೆ ಗಂಟೆಗಟ್ಟಲೆ ಎಂಜಿನ್ ಆನ್ ಮಾಡಿ ನಿಲ್ಲಿಸೋ ನಮ್ಮ ಕಡೆಯ ಗಾಡಿಗಳಲ್ಲಿ ಜರಡಿ ಬೇಗ ಕಟ್ಟುತ್ತೆ. ಕುಣಿಗಲ್ ಕಡೆ ಹೈವೇಲಿ ಓಡೋ ಗಾಡಿಗೆ ಈ ಕಾಟ ಕಮ್ಮಿ. ಆಯಿಲ್ಲೂ ಕಮ್ಮಿ ಬೂದಿ ಬಿಡೋದೇ ಹಾಕಬೇಕು, ಯಾಕಂದ್ರೆ ಮಸಿ ಸುಡಬಹುದು, ಬೂದಿ ಸುಡಕ್ಕಾಗಲ್ಲ.

ಇದರಲ್ಲಿ ಸೋತಿದ್ದು ಹಳೇ ಮೆಕ್ಯಾನಿಕ್. ಈಗಿನ ಕಾಯಿಲೆ ಸ್ಕ್ಯಾನರ್ ಹಚ್ಚಿದ್ರೇನೆ ಗೊತ್ತಾಗೋದು, ಸ್ಕ್ಯಾನರ್ ಎಲ್ಲರ ಹತ್ರ ಇಲ್ಲ. ಅದಕ್ಕೇ ಸೆನ್ಸರ್‌ಗೆ ಮೋಸ ಮಾಡೋ ಡಬ್ಬ ಕೂರಿಸೋರು ಹುಟ್ಕೊಂಡಿದಾರೆ. ಕಾನೂನು ಹೊಗೆ ಕಮ್ಮಿ ಮಾಡ್ತು ನಿಜ, ಆದ್ರೆ ರಿಪೇರಿ ವಿದ್ಯೆನ ಹಳ್ಳಿ ಗ್ಯಾರೇಜಿಗೆ ಮುಟ್ಟಿಸಲಿಲ್ಲ. ನಮ್ಮ ಐಟಿಐ ಹುಡುಗರಿಗೆ ಇದನ್ನ ಚೆನ್ನಾಗಿ ಕಲಿಸಿದ್ರೆ ಡ್ರೈವರ್ ಬಕೆಟ್ಟಲ್ಲಿ ಗೊಬ್ಬರ ಕಲಸೋ ಪ್ರಮೇಯ ಬರಲ್ಲ.

ನಮಗ್ಯಾಕೆ ಲಾರಿ ವಿಷಯ ಅನ್ನಬೇಡಿ. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರಿಗೆ 2023ರ ಜನವರಿಯಿಂದಲೇ ಬಿಗಿ ನಿಯಮ ಬಂದಿದೆ. ಚಿಕ್ಕ ಟ್ರ್ಯಾಕ್ಟರಿನ ಸರದಿಯೂ ಒಂದು ದಿನ ಬರುತ್ತೆ. ಅಲ್ಲಿಯವರೆಗೆ ಕಾಯಿ ತುಂಬೋ ಮೊದಲು ಡ್ರೈವರನ್ನ ಒಂದು ಮಾತು ಕೇಳಿ: "ಹಳದಿ ದೀಪ ಉರೀತಿದೆಯಾ? ಟ್ಯಾಂಕಿಗೆ ಏನು ಹಾಕಿದೀಯ?" ನಾನು ಕೇಳಿರಲಿಲ್ಲ, ಎರಡು ಹಮಾಲಿ ಕೊಟ್ಟೆ. ನಿಮ್ಮ ಕಡೆ ಹಿಂಗೆ ಆಗಿದ್ರೆ ಬರೀರಿ, ನಾಲ್ಕು ಜನಕ್ಕೆ ಉಪಯೋಗ ಆಗಲಿ.