ಉರುಳುವ ಮನೆಯ ಬಟ್ಟೆ ಬೀರು

1/7
ಮೊನ್ನೆ ರಾತ್ರಿ ನಿದ್ದೆ ಬರದೆ ರೀಲ್ಸ್ ನೋಡ್ತಾ ಇದ್ದೆ. ಅಮೆರಿಕದ ಒಬ್ಬಾಕೆ ತಮ್ಮ ಟ್ರಾವೆಲ್ ಟ್ರೇಲರ್‌ನ ಬಟ್ಟೆ ಬೀರುವಿನಿಂದ ಹ್ಯಾಂಗರ್ ರಾಡ್ ಕಿತ್ತುಹಾಕಿ, ಆ ಜಾಗಕ್ಕೆ ಐದು ಶೆಲ್ಫ್ ಕೂರಿಸ್ತಾ ಇದ್ರು. ಐದೇ ಹಲಗೆ, ಪೂರ್ತಿ ಎರಡು ದಿನದ ಕೆಲಸ. "ಇದಕ್ಕೇನು ಇಷ್ಟು ಒದ್ದಾಟ?" ಅನ್ನಿಸ್ತು. ಹುಡುಕ್ತಾ ಹೋದೆ. ಸಿಕ್ಕಿದ್ದು ಬಡಗಿ ಕೆಲಸದ ಕಥೆ ಮಾತ್ರ ಅಲ್ಲ.

ಮೊದಲೇ ಹೇಳಿಬಿಡ್ತೀನಿ: ಇದು ಸಿನಿಮಾ ಟ್ರೇಲರ್ ಅಲ್ಲ, ಟ್ರ್ಯಾಕ್ಟರ್ ಹಿಂದಿನ ಟ್ರೇಲರೂ ಅಲ್ಲ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಮಂಚ, ಒಲೆ, ಬೀರು ಎಲ್ಲವೂ ಒಳಗೇ.

ನಮ್ಮ ಹಳೇ ಮನೆಗಳಲ್ಲಿ ಗೋಡೆಯೊಳಗೇ ಗೂಡು ಬಿಟ್ಟಿರ್ತಾರೆ, ಅಲ್ವಾ? ಅದರಲ್ಲಿಟ್ಟ ವಸ್ತು ಇಟ್ಟಲ್ಲೇ ಇರುತ್ತೆ. ಆದ್ರೆ ಮನೆಯೇ ಉರುಳುತ್ತಾ ಹೋದ್ರೆ? ಹಾಗಿದ್ರೂ ಅದಕ್ಕೊಂದು ಗೂಡು ಬೇಕು ಅಂತ ಅನ್ನಿಸಿದ್ದು ಯಾರಿಗೆ? ಸ್ವೈಪ್ ಮಾಡಿ.

2/7
19ನೇ ಶತಮಾನದ ಮಧ್ಯಭಾಗದ ಇಂಗ್ಲೆಂಡ್‌ಗೆ ಬನ್ನಿ. ಊರೂರು ತಿರುಗುತ್ತಾ ಡೇರೆಗಳಲ್ಲಿ ಬದುಕುತ್ತಿದ್ದ ರೋಮಾ ಕುಟುಂಬಗಳು ಆಗ ನಿಧಾನಕ್ಕೆ ಕುದುರೆ ಎಳೆಯುವ ಮರದ ಮನೆಗಳಿಗೆ ಬಂದವು. ಆ ಗಾಡಿಯ ಹೆಸರು ವಾರ್ಡೊ. ರೋಮಾ ಜನರ ಪೂರ್ವಿಕರು ಭಾರತದಿಂದ ಹೋದವರು ಅನ್ನೋದಕ್ಕೆ ಅವರ ಭಾಷೆಯೇ ಸಾಕ್ಷಿ. ಅವರು ಎಣಿಸುವುದು ಹೀಗೆ: ಏಕ್, ದುಯ್, ತ್ರಿನ್, ಷ್ತಾರ್, ಪಾಂಜ್. ಹಿಂದಿ, ಸಂಸ್ಕೃತ ಕೇಳಿದ ಕಿವಿಗೆ ಬಿಡಿಸಿ ಹೇಳಬೇಕಾ?

ವಾರ್ಡೊ ಒಳಗೆ ಒಂದು ಅಂಗುಲವೂ ದಂಡವಾಗ್ತಿರಲಿಲ್ಲ. ಹಿಂಭಾಗದಲ್ಲಿ ಅಡ್ಡಲಾಗಿ ಮಂಚ. ಮಂಚದ ಕೆಳಗೆ ಜಾರುವ ಬಾಗಿಲಿನ ಕಪಾಟು. ಹಗಲು ಸಾಮಾನು, ರಾತ್ರಿ ಅದರಲ್ಲೇ ಮಕ್ಕಳ ನಿದ್ದೆ! ಒಲೆಯ ಮೇಲುಗಡೆ ಬಟ್ಟೆ ಬೆಚ್ಚಗಿಡುವ ಕಪಾಟು, ಮೂಲೆಗೊಂದು ಕಪಾಟು, ಕೂರುವ ಪೀಠವೇ ಪೆಟ್ಟಿಗೆ. ಎಲ್ಲವನ್ನೂ ಗೋಡೆಗೇ ಜೋಡಿಸಿರ್ತಿದ್ರು. ರೆಡಿಂಗ್ ಊರಿನ ಡಂಟನ್ ಕಾರ್ಖಾನೆಯಂಥ ಕಡೆ ಈ ಗಾಡಿಗಳನ್ನು ಹೇಳಿ ಮಾಡಿಸಿಕೊಳ್ತಿದ್ರು. ಯಜಮಾನ ತೀರಿಕೊಂಡರೆ ಅವನ ಗಾಡಿಯನ್ನೂ ಸುಡುವ ಪದ್ಧತಿ ಹಲವು ಕುಟುಂಬಗಳಲ್ಲಿತ್ತು. ಅಂದ್ರೆ ಅದು ಬರೀ ವಾಹನ ಆಗಿರಲಿಲ್ಲ. ಮನೆ.

3/7
1885. ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅನ್ನುವ ನಿವೃತ್ತ ನೌಕಾಪಡೆ ವೈದ್ಯರಿಗೆ ಈ ಬದುಕಿನ ಮೇಲೆ ಆಸೆ ಹುಟ್ಟಿತು. ಹುಡುಗರಿಗೆ ಸಾಹಸ ಕಥೆ ಬರೆಯುತ್ತಿದ್ದ ಅವರು ಬ್ರಿಸ್ಟಲ್‌ನ ಕಾರ್ಖಾನೆಯೊಂದರಲ್ಲಿ ತಮಗಾಗಿಯೇ ಒಂದು ಗಾಡಿ ಮಾಡಿಸಿದರು. ಹೆಸರು 'ದಿ ವಾಂಡರರ್'. ಮಹಾಗನಿ ಮತ್ತು ಮೇಪಲ್ ಮರ, ಸಾಮಾನು ತುಂಬಿದಾಗ ಸುಮಾರು ಎರಡು ಟನ್ ತೂಕ, ಎಳೆಯೋಕೆ ಎರಡು ಕುದುರೆ. ಗಾಡಿ ಹೊಡೆಯುವವನೊಬ್ಬ, ಮುಂದೆ ಟ್ರೈಸಿಕಲ್ ತುಳಿಯುತ್ತಾ ದಾರಿ ನೋಡುವ ಆಳೊಬ್ಬ, ಜೊತೆಗೆ 'ಹರಿಕೇನ್ ಬಾಬ್' ಅನ್ನೋ ದೊಡ್ಡ ನಾಯಿ. ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೂ ಹೋದರು. ಪುಸ್ತಕ ಬಂತು, ಜನ ಮೆಚ್ಚಿದರು. ಮೋಜಿಗಾಗಿಯೇ ಕಟ್ಟಿಸಿದ ಮೊದಲ ಕ್ಯಾರವಾನ್ ಅಂತ ಅದಕ್ಕೆ ಹೆಸರು. ಗಾಡಿ ಇವತ್ತಿಗೂ ಇದೆ.

ಈಗ ಇನ್ನೊಂದು ಮುಖ ನೋಡಿ. ಹೆಚ್ಚುಕಮ್ಮಿ ಅದೇ ವರ್ಷಗಳಲ್ಲಿ ಜಾರ್ಜ್ ಸ್ಮಿತ್ ಎಂಬ ಸುಧಾರಕರು, ಗಾಡಿಗಳಲ್ಲಿ ಬದುಕುವವರನ್ನೆಲ್ಲ ನೋಂದಾಯಿಸಬೇಕು, ಅಧಿಕಾರಿಗಳು ಒಳಹೊಕ್ಕು ತಪಾಸಣೆ ಮಾಡಬೇಕು ಅಂತ ಮಸೂದೆಗಾಗಿ ಹೋರಾಡುತ್ತಿದ್ದರು. ಮಕ್ಕಳು ಶಾಲೆಗೆ ಹೋಗಲಿ ಅನ್ನೋದು ಅವರ ಕಾಳಜಿ. ಆದ್ರೆ ಗಾಡಿಯವರ ಪಾಲಿಗೆ ಅದು ಮನೆಯೊಳಗೆ ನುಗ್ಗುವ ಕಾನೂನು. ಮಸೂದೆ ಕೊನೆಗೂ ಪಾಸಾಗಲಿಲ್ಲ.

ಒಂದೇ ಥರದ ಗಾಡಿ. ಸಾಹೇಬರು ಕೂತರೆ ಸಾಹಸ, ರೋಮಾ ತಾಯಿ ಕೂತರೆ ಸಮಸ್ಯೆ. ಇದು ದೂರದ ಕಥೆ ಅನ್ನಬೇಡಿ. ಅದೇ ಬ್ರಿಟಿಷರು 1871ರಲ್ಲಿ ಭಾರತದಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಡಿ ಎಷ್ಟೋ ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ 'ಅಪರಾಧಿ' ಹಣೆಪಟ್ಟಿ ಬಿತ್ತು. ಅದರಿಂದ ಬಿಡುಗಡೆ ಸಿಕ್ಕಿದ್ದು 1952ರಲ್ಲಿ.

4/7
ಕುದುರೆ ಹೋಯ್ತು, ಕಾರು ಬಂತು. 1929ರಲ್ಲಿ ಡೆಟ್ರಾಯಿಟ್‌ನ ಸೂಕ್ಷ್ಮಾಣು ತಜ್ಞ ಆರ್ಥರ್ ಶರ್ಮನ್ ಮಡಚುವ ಡೇರೆಯ ಟ್ರೇಲರ್ ತಗೊಂಡು ಮನೆಮಂದಿ ಜೊತೆ ಪ್ರವಾಸ ಹೊರಟರು. 'ನಿಮಿಷಗಳಲ್ಲಿ ಬಿಚ್ಚಬಹುದು' ಅನ್ನೋ ಜಾಹೀರಾತು ನಂಬಿದ್ದರು. ಮಳೆ ಬಂತು. ಡೇರೆ ಬಿಚ್ಚೋಕಾಗದೆ ಎಲ್ಲರೂ ತೊಯ್ದು ತೊಪ್ಪೆ!

ಆ ಸಿಟ್ಟಿಗೆ ಶರ್ಮನ್ ಆರು ಅಡಿ ಅಗಲ, ಒಂಬತ್ತು ಅಡಿ ಉದ್ದದ ಗಟ್ಟಿ ಪೆಟ್ಟಿಗೆಯೊಂದನ್ನು ಮಾಡಿಸಿದರು. ಗೋಡೆಗೆ ಮ್ಯಾಸೊನೈಟ್, ಅಂದ್ರೆ ಮರದ ನಾರು ಒತ್ತಿ ಮಾಡಿದ ತೆಳು ಹಲಗೆ. ನಡುವೆ ಕಿರಿದಾದ ಓಣಿ, ಎರಡೂ ಬದಿ ಕಪಾಟು. 1930ರ ಜನವರಿಯಲ್ಲಿ ಡೆಟ್ರಾಯಿಟ್ ವಾಹನ ಪ್ರದರ್ಶನದಲ್ಲಿ ಇಟ್ಟರು. 'ಕವರ್ಡ್ ವ್ಯಾಗನ್' ಹೆಸರಿನ ಆ ಕಂಪನಿ ಕೆಲವೇ ವರ್ಷಗಳಲ್ಲಿ ಅಮೆರಿಕದ ದೊಡ್ಡ ಟ್ರೇಲರ್ ಕಂಪನಿಗಳಲ್ಲಿ ಒಂದಾಯ್ತು.

ಇನ್ನು ಇಪ್ಪತ್ತು ವರ್ಷಕ್ಕೆ ಅರ್ಧ ಅಮೆರಿಕ ಟ್ರೇಲರ್‌ನಲ್ಲೇ ಬದುಕುತ್ತೆ ಅಂತ ರೋಜರ್ ಬ್ಯಾಬ್ಸನ್ ಅನ್ನೋ ಪ್ರಸಿದ್ಧ ಆರ್ಥಿಕ ಭವಿಷ್ಯಕಾರರು 1930ರ ದಶಕದಲ್ಲಿ ಹೇಳಿದ್ದರು. ಹಾಗೇನೂ ಆಗಲಿಲ್ಲ. ಆದ್ರೆ ಆರ್ಥಿಕ ಕುಸಿತದ ಆ ದಿನಗಳಲ್ಲಿ ಎಷ್ಟೋ ಜನಕ್ಕೆ ರಜೆಯ ಪೆಟ್ಟಿಗೆಯೇ ಮನೆ ಆಗಿದ್ದು ನಿಜ.

5/7
1936. ವಾಲಿ ಬಯಾಮ್ ಅವರ ಏರ್‌ಸ್ಟ್ರೀಮ್ ಕಂಪನಿ 'ಕ್ಲಿಪ್ಪರ್' ಬಿಡುಗಡೆ ಮಾಡಿತು: ಬೆಲೆ 1,200 ಡಾಲರ್, ರಿವೆಟ್ ಹೊಡೆದ ಅಲ್ಯೂಮಿನಿಯಂ ಮೈ, ದುಂಡಗಿನ ಆಕಾರ. ಆ ಆಕಾರದ ಮೂಲ 1934ರ 'ರೋಡ್ ಚೀಫ್'. ಅದನ್ನು ರೂಪಿಸಿದ್ದು ಹಾಲಿ ಬೌಲಸ್. ಲಿಂಡ್‌ಬರ್ಗ್ 1927ರಲ್ಲಿ ಅಟ್ಲಾಂಟಿಕ್ ದಾಟಿದ ವಿಮಾನದ ತಯಾರಿ ನೋಡಿಕೊಂಡವರು. ವಿಮಾನ ಕಟ್ಟುವ ವಿದ್ಯೆ ರಸ್ತೆಗಿಳಿಯಿತು, ತೂಕ ಇಳಿಯಿತು, ಗಾಳಿ ಸಲೀಸಾಗಿ ಸರಿಯಿತು.

ತಲೆನೋವು ಬಡಗಿಗೆ. ಗೋಡೆಯೇ ಮೊಟ್ಟೆಯ ಹಾಗೆ ಬಾಗಿದ್ರೆ ನೇರ ಹಲಗೆ ಎಲ್ಲಿ ಕೂರುತ್ತೆ? ಪರಿಹಾರ ತುಂಬಾ ಸರಳ, ಇವತ್ತಿಗೂ ಅದೇ: ಒಂದು ರಟ್ಟನ್ನು ಗೋಡೆಗೆ ಹಿಡಿದು, ನಿಮ್ಮ ಜಾಮಿಟ್ರಿ ಬಾಕ್ಸಿನ ಕೈವಾರದ ಮುಳ್ಳನ್ನು ಗೋಡೆಗುಂಟ ಜಾರಿಸಿದರೆ ಪೆನ್ಸಿಲ್ ಅದೇ ಬಾಗನ್ನು ರಟ್ಟಿನ ಮೇಲೆ ಎಳೆಯುತ್ತೆ. ರಟ್ಟು ಕತ್ತರಿಸಿ, ಸರಿ ಕೂತರೆ ಅದನ್ನಿಟ್ಟು ಪ್ಲೈವುಡ್ ಕೊಯ್ಯಿರಿ. ಹೈಸ್ಕೂಲಲ್ಲಿ "ಇದೆಲ್ಲ ಯಾಕೆ ಕಲೀಬೇಕು" ಅಂತ ಕೇಳಿದ್ವಲ್ಲ, ತಗೊಳ್ಳಿ ಉತ್ತರ.

6/7
ಎರಡನೇ ಮಹಾಯುದ್ಧ ಬಂದಾಗ ಶಸ್ತ್ರಾಸ್ತ್ರ ಕಾರ್ಖಾನೆಗಳ ಊರುಗಳಿಗೆ ಕೆಲಸಗಾರರು ಮುಗಿಬಿದ್ದರು. ಮನೆ ಎಲ್ಲಿ? ಅಮೆರಿಕ ಸರ್ಕಾರವೇ ಸಾವಿರಾರು ಟ್ರೇಲರ್ ಕೊಂಡು ಅವರನ್ನು ಇರಿಸಿತು. ಸ್ವಲ್ಪ ಹಿಂದಷ್ಟೇ ಹಲವು ನಗರಗಳು, ಟ್ರೇಲರ್ ಇಷ್ಟು ದಿನಕ್ಕಿಂತ ಹೆಚ್ಚು ಇಲ್ಲಿ ನಿಲ್ಲಬಾರದು ಅಂತ ನಿಯಮ ಮಾಡಿದ್ದವು! ಬೇಕಾದಾಗ ಮನೆ, ಬೇಡವಾದಾಗ ಕಣ್ಣಿಗೆ ಕಸ.

ಯುದ್ಧ ಮುಗಿದ ಮೇಲೆ, 1944ರ ಜಿ.ಐ. ಬಿಲ್ ನೆರವಿನಿಂದ ಸೈನಿಕರು ಕಾಲೇಜಿಗೆ ಬಂದರು, ಹೆಂಡತಿ ಮಕ್ಕಳ ಸಮೇತ. ಹಾಸ್ಟೆಲ್ ಸಾಲಲಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕ್ರೀಡಾಂಗಣದ ಪಕ್ಕದಲ್ಲೇ ಟ್ರೇಲರ್‌ಗಳ ಕೇರಿ ಎದ್ದಿತು. ಸ್ವಲ್ಪ ಊಹಿಸಿಕೊಳ್ಳಿ: ಪಠ್ಯಪುಸ್ತಕ, ಮಗುವಿನ ಬಟ್ಟೆ, ಚಳಿಗಾಲದ ಕೋಟು, ಹಿಟ್ಟಿನ ಡಬ್ಬ. ರಜೆಗೆ ಬಂದವರ ನಾಲ್ಕು ಜೊತೆ ಬಟ್ಟೆಗೆ ಅಂತ ಮಾಡಿದ ಬೀರು ಇದಕ್ಕೆಲ್ಲ ಎಲ್ಲಿ ಸಾಕಾಗುತ್ತೆ?

7/7
ಈಗ ಆ ರೀಲ್‌ಗೆ ವಾಪಸ್ ಬರೋಣ. ಆಕೆ ರಾಡ್ ಯಾಕೆ ಕಿತ್ತರು ಅಂತ ಈಗ ಅರ್ಥ ಆಗುತ್ತೆ. ಎರಡು ದಿನದ ಪ್ರವಾಸಕ್ಕೆ ರಾಡ್ ಸಾಕು. ವರ್ಷವಿಡೀ ಇರೋರಿಗೆ ಎಲ್ಲ ಕಾಲದ ಬಟ್ಟೆ ಮಡಚಿಡೋಕೆ ಶೆಲ್ಫ್ ಬೇಕು. ರಸ್ತೆ ಕುಲುಕಿದಾಗ ಹ್ಯಾಂಗರ್‌ಗಳು ಕಳಚಿ ಬೀಳೋದು ಬೇರೆ.

ಎರಡು ದಿನ ಯಾಕೆ ಹಿಡಿಯಿತು ಅನ್ನೋದೂ ಅರ್ಥ ಆಗುತ್ತೆ. ಟ್ರೇಲರ್ ಗೋಡೆ ತೆಳು. ಅದರ ಹಿಂದಿರುವ ಸಣ್ಣ ರೀಪರ್ ಎಲ್ಲಿದೆ ಅಂತ ಹುಡುಕಿ ಅಲ್ಲಿಗೇ ಸ್ಕ್ರೂ ಹಾಕಬೇಕು, ಇಲ್ಲದಿದ್ರೆ ಮೊದಲ ಹಳ್ಳಕ್ಕೇ ಕಿತ್ತು ಬರುತ್ತೆ. ಹಡಗಿನ ಕಪಾಟಿನಲ್ಲಿ ಇರುವಂತೆ ಪ್ರತಿ ಹಲಗೆಯ ಅಂಚಿಗೂ ತಡೆಪಟ್ಟಿ ಬೇಕು. ಹಲಗೆ ಹಗುರ ಇರಬೇಕು. ಭಾರದ ಸಾಮಾನು ಕೆಳಗೆ, ಚಕ್ರದ ಅಚ್ಚಿನ ಹತ್ತಿರ. ಟ್ರೇಲರ್ ತೂಕದ 10ರಿಂದ 15 ಪ್ರತಿಶತ ಕಾರಿನ ಕೊಂಡಿಯ ಮೇಲೆ ಕೂರಬೇಕು ಅನ್ನೋದು ಅಲ್ಲಿನ ಲೆಕ್ಕ. ಹಿಂದೆ ಭಾರ ಹೆಚ್ಚಾದ್ರೆ ವೇಗದಲ್ಲಿ ಟ್ರೇಲರ್ ಬಾಲ ಆಡಿಸೋಕೆ ಶುರು ಮಾಡುತ್ತೆ, ಕಾರನ್ನೂ ಎಳೆದುಕೊಂಡು ಉರುಳಬಹುದು. ಅಂದ್ರೆ ಸೀರೆ ಎಲ್ಲಿಡಬೇಕು, ಅಕ್ಕಿ ಎಲ್ಲಿಡಬೇಕು ಅನ್ನೋದು ಅಲ್ಲಿ ಜೀವದ ಪ್ರಶ್ನೆ.

ನನಗೆ ಉಳಿದದ್ದು ಇಷ್ಟು. ಯಾರ ಗಾಡಿ ಮನೆ, ಯಾರ ಗಾಡಿ ಮೋಜು, ಯಾರದು ತೊಂದರೆ ಅಂತ ತೀರ್ಮಾನ ಮಾಡಿದ್ದು ಯಾವಾಗಲೂ ಹೊರಗೆ ನಿಂತವರು. ಒಳಗಿದ್ದವರು ಮಾತ್ರ ಒಂದು ಹಲಗೆ ಹೊಡೆದು, ಮಕ್ಕಳ ಬಟ್ಟೆ ಮಡಚಿಟ್ಟು, ತಮ್ಮ ಉತ್ತರ ಹೇಳಿದ್ರು.

ಹಾಸ್ಟೆಲ್ ರೂಮಿಗೋ ಪಿಜಿಗೋ ಬಂದ ಮೊದಲ ದಿನ ನೀವು ಟ್ರಂಕ್ ಬಿಚ್ಚಿ ಮೊದಲು ಎಲ್ಲಿ ಏನು ಇಟ್ರಿ? ಕಾಮೆಂಟ್‌ನಲ್ಲಿ ಹೇಳಿ, ಎಲ್ಲಾ ಓದ್ತೀನಿ.

#ಕನ್ನಡ #ಚರಿತ್ರೆ #ವಸ್ತುಗಳಕಥೆ #ಉರುಳುವಮನೆ